ಬಾಯಿಬಿಟ್ಟ ಬೀಗ
(ಕಂತು: ಏಳು)

"ಮುಟ್ಟಬೇಡಿ!"

ಯಶೋಧಾ ಗದರಿದ ರಭಸಕ್ಕೆ, ಮೇಜಿನ ಮೇಲಿದ್ದ ಕಾರ್ಡಿನತ್ತ ಚಾಚಿದ್ದ ಕುಮಾರಸ್ವಾಮಿಯ ಕೈ ಅಲ್ಲೇ ನಿಂತಿತು. ಮೈಸೂರಿನ ಹೆಬ್ಬಾಳದ ಆ ಕಂಪನಿ ಅವನದು, ಕೋಣೆ ಅವನದು, ಕಾರ್ಡನ್ನು ಮಾಡಿಸಿದವನೂ ಅವನೇ. ಹೊರಗಿನಿಂದ ಬಂದ ಹೆಂಗಸೊಬ್ಬಳು ಮುಟ್ಟಬೇಡಿ ಎಂದರೆ ಬೇರೆ ಯಾರಾದರೂ ಸಿಡಿಮಿಡಿಗೊಳ್ಳುತ್ತಿದ್ದರು. ಅವನು ನಕ್ಕ. ನಗುವುದು ಅವನಿಗೆ ಬಹಳ ಚೆನ್ನಾಗಿ ಬರುತ್ತಿತ್ತು.

"ನನ್ನ ಕೂಸು ಮೇಡಂ ಅದು. ನಾನು ಮುಟ್ಟದೆ ಇನ್ಯಾರು ಮುಟ್ಟಬೇಕು, ಏನಂತೀರಿ?"

ಯಶೋಧಾ ಕಾರ್ಡಿನತ್ತ ಬಾಗಿದಳು. ಬಂದಾಗಿನಿಂದ ನೋಡುತ್ತಿದ್ದಳು, ಈ ಮನುಷ್ಯ ಮಾತು ಮಾತಿಗೂ 'ಏನಂತೀರಿ' ಎನ್ನುತ್ತಿದ್ದ. ಎದುರಿಗಿದ್ದವರು ಏನಾದರೂ ಅನ್ನೋಣವೆಂದು ಬಾಯಿ ತೆರೆಯುವಷ್ಟರಲ್ಲಿ ತಾನೇ ಮುಂದಿನ ಮಾತು ಶುರುಮಾಡಿಬಿಡುತ್ತಿದ್ದ. ಉತ್ತರ ಬೇಡದ ಪ್ರಶ್ನೆ ಕೇಳುವವರನ್ನು ಕಂಡರೆ ಯಶೋಧಾಳಿಗೆ ಮೊದಲಿನಿಂದಲೂ ಅನುಮಾನ. ಹಾಗೆ ನೋಡಿದರೆ ಅವಳಿಗೆ ಯಾರನ್ನು ಕಂಡರೆ ಅನುಮಾನವಿರಲಿಲ್ಲ ಹೇಳಿ? ಪೊಲೀಸ್ ಕೆಲಸ ಬಿಟ್ಟು ಸ್ವಂತವಾಗಿ ಪತ್ತೇದಾರಿ ನಡೆಸುತ್ತಿದ್ದ ಅವಳು, ಹಾಲಿನವನು ಒಂದು ದಿನ ನಗುತ್ತಾ ಬಂದರೆ ಅವತ್ತಿನ ಹಾಲನ್ನು ಎರಡು ಸಲ ಕಾಯಿಸುವ ಪೈಕಿ.

ಕಾರ್ಡು ನೋಡಲು ಬೇರೆಲ್ಲ ಬ್ಯಾಂಕ್ ಕಾರ್ಡಿನಂತೆಯೇ ಇತ್ತು. ಆದರೆ ಅದರ ಮೈಮೇಲೆಯೇ ಉದ್ದಿನಕಾಳಿನ ಗಾತ್ರದ ಹತ್ತು ಗುಂಡಿಗಳು, ಸೊನ್ನೆಯಿಂದ ಒಂಬತ್ತರವರೆಗೆ. ಪಕ್ಕದಲ್ಲೊಂದು ಹಸಿರು ಗುಂಡಿ. ಒಡೆಯರು ತಮ್ಮ ಗುಟ್ಟಿನ ಅಂಕಿಗಳನ್ನು ಕಾರ್ಡಿನ ಮೇಲೆ ಒತ್ತಿ, ಹಸಿರು ಗುಂಡಿ ಒತ್ತಿದರೆ ಮಾತ್ರ ಅದು ಎಚ್ಚರವಾಗುತ್ತದೆ. ಒಂದು ಸಲ ಹಣ ಕೊಟ್ಟು ಮತ್ತೆ ಮಲಗುತ್ತದೆ. ಅಂಕಿ ಎಷ್ಟಿರಬೇಕೆಂಬುದೂ ಒಡೆಯರ ಇಷ್ಟ. ಎರಡಾದರೂ ಸರಿ, ಎಂಟಾದರೂ ಸರಿ. ಮೂರು ಸಲ ತಪ್ಪು ಒತ್ತಿದರೆ ಸತ್ತೇ ಹೋಗುತ್ತದೆ. ಕದ್ದವರ ಕೈಯಲ್ಲಿ ಅದು ಬರೀ ಪ್ಲಾಸ್ಟಿಕ್ಕು.

ಆ ಪ್ಲಾಸ್ಟಿಕ್ಕು ಆಷಾಢ ಶುಕ್ರವಾರದ ನೂಕುನುಗ್ಗಲಿನಲ್ಲಿ ಚಾಮುಂಡಿ ಬೆಟ್ಟದ ಅಂಗಡಿಯ ಭಾಗ್ಯಮ್ಮನ ಎಲೆಅಡಿಕೆ ಚೀಲದಿಂದ ಮಾಯವಾಗಿತ್ತು. ಶನಿವಾರ ಸಂಜೆ ರೇನ್‌ಕೋಟು, ಹೆಲ್ಮೆಟ್ಟು ತೆಗೆಯದ ಯಾರೋ ಒಂದು ಚಿನ್ನದಂಗಡಿಯಲ್ಲಿ ಅದರಿಂದ ಅವಳ ಉಳಿತಾಯವನ್ನೆಲ್ಲ ಚಿನ್ನದ ನಾಣ್ಯ ಮಾಡಿಕೊಂಡು ಹೋಗಿದ್ದರು. ಹಿಂದಿನ ದಿನ, ಸೋಮವಾರ, ಕಾರ್ಡು ಸಿಕ್ಕಿದ್ದು ಇದೇ ಕಂಪನಿಯಲ್ಲಿ, ಭಾಗ್ಯಮ್ಮನ ಸೊಸೆ ನಯನಾಳ ಊಟದ ಬ್ಯಾಗಿನಲ್ಲಿ.

ನಯನಾ ಇಲ್ಲಿ ಕಾರ್ಡುಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದಳು. ಅತ್ತೆಗೆ ಕಾರ್ಡು ತಂದುಕೊಟ್ಟು ಅಭ್ಯಾಸ ಮಾಡಿಸಿದವಳೂ ಅವಳೇ. ಇವತ್ತು ಸಂಜೆಯೊಳಗೆ ತಪ್ಪೊಪ್ಪಿಗೆಗೆ ಸಹಿ ಹಾಕಿದರೆ ಕೆಲಸ ಮಾತ್ರ ಹೋಗುತ್ತದೆ, ಹಾಕದಿದ್ದರೆ ಪೊಲೀಸರು ಬರುತ್ತಾರೆ ಎಂದು ಕುಮಾರಸ್ವಾಮಿ ಗಡುವು ಕೊಟ್ಟಿದ್ದ. ಸಹಿಗೆ ಮುಂಚೆ ನನ್ನವರೊಬ್ಬರು ಕಾರ್ಡನ್ನು ನೋಡಬೇಕು ಎಂದು ಅವಳು ಹಟ ಹಿಡಿದದ್ದರಿಂದಲೇ ಯಶೋಧಾ ಇಲ್ಲಿಗೆ ಬರಲು ಸಾಧ್ಯವಾಗಿತ್ತು.

"ಪವಮಾನ, ಕಾರ್ಡಿನ ನೆನಪು ತೆಗೀರಿ," ಎಂದಳು.

ಮೂಲೆಯಲ್ಲಿ ಕನ್ನಡಕ ಒರೆಸುತ್ತಾ ಕೂತಿದ್ದ ಸಣಕಲು ಇಂಜಿನಿಯರ್ ಪವಮಾನ ಎದ್ದು ಬಂದ. ಒಳಗೆ ಬಂದಾಗಿನಿಂದ ಅವನು ಯಶೋಧಾಳ ಮುಖ ನೋಡಿರಲಿಲ್ಲ. ಅದನ್ನೂ ಅವಳು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು. ಕಾರ್ಡಿಗೆ ವೈರು ಸಿಕ್ಕಿಸಿದ. ಪರದೆಯ ಮೇಲೆ ಸಾಲುಗಳು ಮೂಡಿದವು.

"ಶುಕ್ರವಾರ ಮಧ್ಯಾಹ್ನ ಒಂದು ಸಲ ತಪ್ಪು ಒತ್ತಿದಾರೆ ಮೇಡಂ. ಆರು, ಮೂರು, ಹಸಿರು ಗುಂಡಿ. ಅಷ್ಟೆ. ಶನಿವಾರ ಸಂಜೆ ತನಕ ಮುಟ್ಟಿಲ್ಲ. ಆಮೇಲೆ ಒಂದೇ ಸಲಕ್ಕೆ ಸರಿಯಾಗಿ ಒತ್ತಿದಾರೆ."

"ಸರಿಯಾದ ಅಂಕಿ ಯಾವುದು?"

"ಅದು ನಮಗೂ ಕಾಣಲ್ಲ ಮೇಡಂ. ಒಳಗೇ ಇರುತ್ತೆ. ತಪ್ಪು ಒತ್ತಿದ್ದು ಮಾತ್ರ ನೆನಪಲ್ಲಿ ಇಟ್ಕೊಳುತ್ತೆ."

"ಇದನ್ನ ಯಾವಾಗ ಸೇರಿಸಿದ್ದು?" ಎಂದ ಕುಮಾರಸ್ವಾಮಿ.

ಅವನ ಮುಖದಲ್ಲಿ ನಗು ಇರಲಿಲ್ಲ. ಮಾತಿನ ಬಾಲದಲ್ಲಿ ಏನಂತೀರಿಯೂ ಇರಲಿಲ್ಲ.

"ಹೋದ ತಿಂಗಳು ಸರ್. ನಯನಾನೇ ಸೇರಿಸಿ ಅಂದಿದ್ದು. ಜನ ಎಲ್ಲಿ ಎಡವ್ತಾರೆ ಅಂತ ಗೊತ್ತಾಗ್ಲಿ ಅಂತ."

"ನನಗ್ಯಾಕೆ ಹೇಳಲಿಲ್ಲ?"

ಪವಮಾನ ಮತ್ತೆ ಕನ್ನಡಕ ಒರೆಸಿದ. ಅಷ್ಟರಲ್ಲಿ ಕುಮಾರಸ್ವಾಮಿಯ ನಗು ವಾಪಸು ಬಂದಿತ್ತು. "ಒಳ್ಳೇದೇ ಆಯ್ತು ಬಿಡಿ. ಗಾಬರಿಲಿ ಬೆರಳು ಜಾರಿದೆ ಅವಳಿಗೆ. ನನ್ನ ಕಾರ್ಡಲ್ಲಿ ಏನೂ ತಪ್ಪಿಲ್ಲ, ಮನೆಯವರೇ ಕದ್ದರೆ ಕಾರ್ಡೇನು ಮಾಡುತ್ತೆ, ಏನಂತೀರಿ?"

ತಪ್ಪು ಒತ್ತಿದರೆ ದಾಖಲಾಗುತ್ತದೆ ಎಂದು ಗೊತ್ತಿದ್ದವಳು ತಪ್ಪು ಒತ್ತುತ್ತಾಳೆಯೇ? ಒತ್ತಿದರೂ, ಇನ್ನೂ ಎರಡು ಅವಕಾಶ ಇರುವಾಗ ಮಾರನೆಯ ದಿನದವರೆಗೆ ಸುಮ್ಮನೆ ಇದ್ದದ್ದು ಯಾಕೆ? ಬೆರಳು ಜಾರಿದವರು ತಕ್ಷಣ ಮತ್ತೆ ಒತ್ತುತ್ತಾರೆ. ಇದು ಬೆರಳು ಜಾರಿದ್ದಲ್ಲ. ಯಾರೋ ಅರ್ಧ ತಿಳಿದುಕೊಂಡು ಒತ್ತಿ, ಉಳಿದರ್ಧ ತಿಳಿದುಕೊಳ್ಳಲು ಹೋಗಿದ್ದಾರೆ.

"ನೀವು ಭಾಗ್ಯಮ್ಮನ ಅಂಗಡಿ ನೋಡಿದ್ದೀರಾ?" ಎಂದು ಕುಮಾರಸ್ವಾಮಿಯನ್ನು ಸುಮ್ಮನೆ ಕೇಳಿದಳು.

"ಬೆಟ್ಟಾನಾ? ಪುರುಸೊತ್ತೆಲ್ಲಿ ಮೇಡಂ? ತಾಯಿ ದರ್ಶನ ಮಾಡಿ ವರ್ಷಗಳೇ ಆದವು."

ಪವಮಾನನಿಂದ ಜೀವವಿಲ್ಲದ ಒಂದು ಮಾದರಿ ಕಾರ್ಡು ಇಸಿದುಕೊಂಡು ಹೊರಬಂದಳು. ಪಕ್ಕದ ಗಾಜಿನ ಕೋಣೆಯಲ್ಲಿ ನಯನಾ ಕೂತಿದ್ದಳು. ಮುಂದೆ ಒಂದು ಹಾಳೆ, ಒಂದು ಪೆನ್ನು. ಊಟದ ಬ್ಯಾಗನ್ನು ನಿನ್ನೆಯೇ ಸಾಕ್ಷಿಯೆಂದು ಎತ್ತಿಟ್ಟುಕೊಂಡಿದ್ದರಿಂದ ಬೆಳಗಿನಿಂದ ಅವಳ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ.

"ನಾನು ಫೋನ್ ಮಾಡೋ ತನಕ ಸಹಿ ಹಾಕ್ಬೇಡ," ಎಂದಳು ಯಶೋಧಾ. "ಅತ್ತೆ ಅಂಕಿ ಯಾವುದು, ನಿನಗೆ ಗೊತ್ತಾ?"

"ಇಲ್ಲ ಅಕ್ಕ. ಅವರು ಅದನ್ನ ಇಡುವಾಗ ನಾನು ಗೋಡೆ ಕಡೆ ತಿರುಗಿ ನಿಂತಿದ್ದೆ." ನಯನಾ ಪೆನ್ನನ್ನು ದೂರ ತಳ್ಳಿದಳು. "ಪೊಲೀಸ್ರು ಬಂದ್ರೆ ಬರ್ಲಿ, ನಾನು ಹೆದ್ರಲ್ಲ. ನಿನ್ನೆ ಅತ್ತೆ ನನ್ನ ಕೈಯಿಂದ ನೀರು ಇಸ್ಕೊಳ್ಲಿಲ್ಲ ಅಕ್ಕ. ಅವರು ಒಂದ್ಸಲ ನೀನಲ್ಲ ಅಂದ್ಬಿಟ್ರೆ ಸಾಕು. ಅವರೇ ನೀನೇ ಅಂದ್ರೆ, ಸಹಿ ಹಾಕಿದ್ರೆಷ್ಟು ಬಿಟ್ರೆಷ್ಟು?"

ಯಶೋಧಾ ತನ್ನ ಚೀಲದಿಂದ ಬಿಸ್ಕತ್ತಿನ ಪೊಟ್ಟಣ ತೆಗೆದು ಅವಳ ಮುಂದಿಟ್ಟಳು. ಆದರೂ ಅವಳನ್ನು ಒಮ್ಮೆ ಅನುಮಾನದಿಂದಲೇ ನೋಡಿ, ಹೊರಟಳು. ಅಭ್ಯಾಸ, ಏನು ಮಾಡುವುದು.

---

ಬೆಟ್ಟದ ಮೇಲೆ ಜಿಟಿಜಿಟಿ ಹನಿಯುತ್ತಿತ್ತು. ದೇವಸ್ಥಾನದ ದಾರಿಯ ಸಾಲಿನಲ್ಲಿ ಭಾಗ್ಯಮ್ಮನ ಅಂಗಡಿ: ಒಂದು ಕಡೆ ತೆಂಗಿನಕಾಯಿ ರಾಶಿ, ಇನ್ನೊಂದು ಕಡೆ ಪುರಿ, ಕಡಲೆ, ಕಲ್ಲುಸಕ್ಕರೆ. ಪಕ್ಕದಲ್ಲಿ ಇಂದ್ರಮ್ಮನ ಹೂವಿನ ಬುಟ್ಟಿ. ಭಾಗ್ಯಮ್ಮ ಯಾತ್ರಿಕರಿಗೆ ಹಿತ್ತಾಳೆ ಸೇರಿನಲ್ಲಿ ಪುರಿ ಅಳೆದು ಚೀಲಕ್ಕೆ ಸುರಿಯುತ್ತಿದ್ದಳು.

"ಲಾ...ಭ. ಎರಡೂ... ಮೂರೂ..."

ಗಿರಾಕಿಗಳು ಹೋಗುವವರೆಗೆ ಯಶೋಧಾ ಕಾದಳು. ಅವಳನ್ನು ಕಂಡು ಭಾಗ್ಯಮ್ಮನ ಮುಖ ಗಂಟಿಕ್ಕಿತು.

"ಅವ್ಳ ಪರವಾಗಿ ಬಂದಿದ್ರೆ ಅಂಗೇ ವಾಪಸ್ ಓಗ್ಬುಡಿ. ನಂಗೆ ಯಾರ ಮಾತೂ ಬ್ಯಾಡ."

"ಅವಳೇ ಕದ್ದಳು ಅಂತ ನಿಮಗೆ ಅಷ್ಟು ಖಾತ್ರಿನಾ?"

"ಇನ್ಯಾರು ಕದೀತಾರೆ? ನಾನು ನಂಬರ್ನ ಯಾರ್ಗೂ ಏಳಿಲ್ಲ, ನನ್ನ ಮಗ ಚಂದ್ರುಗೂ ಏಳಿಲ್ಲ. ಕಲಿಸ್ಕೊಟ್ಟೋಳು ಅವ್ಳು. ಬ್ಯಾಗಲ್ಲಿ ಸಿಕ್ಕಿದ್ದೂ ಅವ್ಳತ್ರ." ಭಾಗ್ಯಮ್ಮ ಸೇರನ್ನು ಠಣ್ಣೆಂದು ಇಟ್ಟಳು. "ಬುದ್ಧನ ಪಟ ಇಟ್ಕೊಂಡಿರೋ ಕೇರಿಯಿಂದ ಹೆಣ್ ತರ್ಬೇಡ ಅಂತ ನಮ್ ನೆಂಟ್ರೆಲ್ಲ ಬಾಯ್ ಬಡ್ಕೊಂಡ್ರು. ನನ್ ಮಗ ಒಪ್ಪವ್ನೆ, ನಾನೂ ಒಪ್ಪಿವ್ನಿ, ನಿಮ್ದೇನ್ ಕೇಳೋದು ಅಂತ ಅವ್ರ್ ಬಾಯ್ ಮುಚ್ಸಿ ತಂದೆ ಕಣಮ್ಮ. ಈಗ ನೋಡು, ಒಬ್ಬೊಬ್ರೇ ಫೋನ್ ಮಾಡಿ ಅಯ್ಯೋ ಪಾಪ ಅಂತಾವ್ರೆ. ಆ ಅಯ್ಯೋ ಪಾಪ ಕೇಳೋಕಾಗಲ್ಲ ನಂಗೆ."

ಕಳೆದುಹೋದ ಉಳಿತಾಯಕ್ಕಿಂತ ಈ ಅಯ್ಯೋ ಪಾಪವೇ ಮುದುಕಿಯನ್ನು ಹೆಚ್ಚು ಸುಡುತ್ತಿದೆ ಎಂದು ಯಶೋಧಾಳಿಗೆ ಅರ್ಥವಾಯಿತು. ಮಾದರಿ ಕಾರ್ಡನ್ನು ಅವಳ ಕೈಗಿಟ್ಟಳು.

"ಇದಕ್ಕೆ ಜೀವ ಇಲ್ಲ. ನೀವು ದಿನಾ ಒತ್ತೋ ಹಾಗೆ ಒಂದ್ಸಲ ಒತ್ತಿ ತೋರಿಸಿ. ನಾನು ನೋಡಲ್ಲ, ಆ ಕಡೆ ತಿರುಗ್ತೀನಿ."

"ಯಾಕೆ?"

"ಒತ್ತಿ, ಹೇಳ್ತೀನಿ."

ಯಶೋಧಾ ಬೆನ್ನು ತಿರುಗಿಸಿ ನಿಂತಳು. ಕೆಳಗೆ ಮೈಸೂರು ಮಂಜಿನಲ್ಲಿ ಮುಚ್ಚಿಹೋಗಿತ್ತು. ಹಿಂದಿನಿಂದ ಪುರಿ ಅಳೆಯುವ ಅದೇ ರಾಗ ಕೇಳಿಬಂತು.

"ಲಾ...ಭ. ಆರೂ... ಲಾ...ಭ. ಮೂರೂ..."

ಯಶೋಧಾ ಗಕ್ಕನೆ ತಿರುಗಿದಳು.

ನಂಜನಗೂಡಿನ ತನ್ನ ಅಜ್ಜಿ ಭತ್ತ ಅಳೆಯುತ್ತಿದ್ದದ್ದು ಕಣ್ಣಿಗೆ ಕಟ್ಟಿತು. ಮೊದಲನೆಯ ಅಳತೆಗೆ ಒಂದು ಎನ್ನುವ ಹಾಗಿಲ್ಲ. ಒಂದು ಎಂದರೆ ಒಂದಕ್ಕೇ ನಿಂತುಬಿಡುತ್ತದೆಂಬ ಅಂಜಿಕೆ. ಲಾಭ ಎಂದೇ ಶುರುಮಾಡಬೇಕು. ಪ್ಯಾಕೆಟ್ಟಿನ ಅಕ್ಕಿ ತರಲು ಶುರುಮಾಡಿದ ಮೇಲೆ ಯಶೋಧಾಳೂ ಅದನ್ನು ಮರೆತೇಬಿಟ್ಟಿದ್ದಳು.

"ಭಾಗ್ಯಮ್ಮನವರೇ, ಬಾಯಿಬಿಟ್ಟು ಹೇಳಿದ್ರಲ್ಲ!"

"ನಾನೆಲ್ಲಿ ಬಾಯ್ಬುಟ್ಟೆ? ಮನಸ್ನಲ್ಲೇ ಅಂದ್ಕೊಂಡೆ."

ಪಕ್ಕದಿಂದ ಇಂದ್ರಮ್ಮ ಹೂ ಕಟ್ಟುತ್ತಲೇ ನಕ್ಕಳು. "ಮನಸ್ನಲ್ಲಂತೆ! ಆ ಕಾರ್ಡು ಬಂದಾಗಿಂದ ಅದೇ ರಾಗ ಕಣಕ್ಕ ನಿಂದು. ಕಾಯಿ ತಂದವನಿಗೆ ಕಾರ್ಡಲ್ಲಿ ದುಡ್ಡು ಕೊಡೋವಾಗೆಲ್ಲ ಕೇಳುಸ್ತದೆ. ನಾನು ಕಾಯಿ ಎಣಿಸ್ತೀಯ ಅಂದ್ಕೊಂಡಿದ್ದೆ."

ಭಾಗ್ಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಜೀವಮಾನವೆಲ್ಲ ಬಾಯಲ್ಲಿ ಹೇಳಿಕೊಂಡೇ ಅಳೆದವಳು; ಬೆರಳು ಎಣಿಕೆಗೆ ಇಳಿದರೆ ನಾಲಗೆ ತಾನಾಗಿ ಜೊತೆಗೆ ಹೊರಡುತ್ತಿತ್ತು. ಅಷ್ಟು ಓದಿದವರು ಅಷ್ಟು ತಲೆ ಓಡಿಸಿ ಕಾರ್ಡಿನ ಮೈಗೇ ಬೀಗ ಹಾಕಿದ್ದರು. ಆ ಬೀಗದ ಕೀಲಿಯನ್ನು ಈ ತಾಯಿ ಸಾಲುಸಾಲು ಭಕ್ತರ ಎದುರು ರಾಗವಾಗಿ ಹಾಡುತ್ತಿದ್ದಳು.

ಒಂದು, ಆರು, ಒಂದು, ಮೂರು. ಕೇಳಿಸಿಕೊಂಡ ಕಳ್ಳ ಒತ್ತಿದ್ದು ಆರು, ಮೂರು ಮಾತ್ರ.

"ಅಮ್ಮ, ನಿಧಾನವಾಗಿ ಯೋಚಿಸಿ ಹೇಳಿ," ಎಂದಳು ಯಶೋಧಾ. "ನಿಮ್ಮ ಕಾರ್ಡು ಕದ್ದವರಿಗೆ ಶುಕ್ರವಾರ ಲಾಭ ಅಂದ್ರೆ ಒಂದು ಅಂತ ಗೊತ್ತಿರಲಿಲ್ಲ. ಏನೋ ದೇವರ ಮಾತು ಅಂದ್ಕೊಂಡು ಬಿಟ್ಟುಬಿಟ್ರು. ಶನಿವಾರ ಸಂಜೆ ಹೊತ್ತಿಗೆ ಗೊತ್ತಿತ್ತು. ನಡುವೆ ಯಾರನ್ನೋ ಕೇಳಿದ್ದಾರೆ. ಲಾಭ ಅಂದ್ರೇನು ಅಂತ ನಿಮ್ಮನ್ನ ಯಾರಾದ್ರೂ ಕೇಳಿದ್ರಾ?"

ಭಾಗ್ಯಮ್ಮನ ಕಣ್ಣು ಮಿನುಗಿದವು.

"ಕೇಳಿದ್ಲಲ್ಲ! ಇನ್ಯಾರು, ಅವ್ಳೇ. ನಯನಾ! ನೋಡಿದ್ರಾ, ಈಗ್ಲಾದ್ರೂ ಗೊತ್ತಾಯ್ತಾ?"

ಯಾರನ್ನು ಉಳಿಸಲೆಂದು ಯಶೋಧಾ ಈ ಎಳೆ ಹಿಡಿದು ಬೆಟ್ಟ ಹತ್ತಿದ್ದಳೋ ಅವಳ ಕೊರಳಿಗೇ ಅದು ಬಂದು ಸುತ್ತಿಕೊಂಡಿತಲ್ಲ! ಗಾಜಿನ ಕೋಣೆಯ ಆ ಮುಖ ನೆನಪಾಯಿತು. ಅದೂ ನಾಟಕವೇ?

"ಯಾವಾಗ ಕೇಳಿದ್ಲು?" ಎಂದಳು.

"ಮನೆ ತುಂಬುಸ್ಕೊಂಡ ಮಾರ್ನೇ ದಿನ. ಸೇರ್ನ ಅವ್ಳ್ ಕೈಗೆ ಕೊಟ್ಟು, ಬಾವ್ವ, ಇವತ್ತಿನ ಅಕ್ಕಿ ನೀನಳಿ ಅಂದೆ. ನಮ್ ನೆಂಟ್ರೆಲ್ಲ ನೋಡ್ತಾ ನಿಂತಿದ್ರು, ಅವ್ರ್ ಮುಂದೆನೇ ಕೊಟ್ಟೆ. ಅವ್ಳು ಒಂದು ಅಂದ್ಲು. ಒಂದು ಅನ್ಬಾರ್ದು ಕಣವ್ವ, ಲಾಭ ಅನ್ಬೇಕು ಅಂದೆ. ಲಾಭ ಅಂದ್ರೆ ಏನತ್ತೆ ಅಂತ ಕೇಳಿದ್ಲು. ಕೂರುಸ್ಕೊಂಡು ಏಳ್ಕೊಟ್ಟೆ. ಆವತ್ತಿಂದ ಅವ್ಳು ಒಂದ್ ದಿನಾನೂ ತಪ್ಪಿಲ್ಲ, ಲಾಭ ಅಂತನೇ..."

ಮಾತು ಅಲ್ಲಿಗೇ ನಿಂತಿತು.

ಮುದುಕಿಯೇ ಅಲ್ಲಿಗೆ ಬರಲಿ ಎಂದು ಯಶೋಧಾ ಕಾದಳು.

"ಅವ್ಳಿಗೆ ಗೊತ್ತಿತ್ತು," ಎಂದಳು ಭಾಗ್ಯಮ್ಮ, ತನಗೆ ತಾನೇ ಹೇಳಿಕೊಳ್ಳುವಂತೆ. "ಮೊದ್ಲಿಂದ್ಲೂ ಗೊತ್ತಿತ್ತು."

"ಹೌದಮ್ಮ. ನಯನಾ ಕೇಳಿಸಿಕೊಂಡಿದ್ರೆ ಮೊದಲನೇ ಸಲವೇ ನಾಲ್ಕೂ ಅಂಕಿ ಸರಿಯಾಗಿ ಒತ್ತುತ್ತಿದ್ಲು. ಆರು, ಮೂರು ಅಂತ ಒತ್ತಿದವರು ನಿಮ್ಮ ಮನೆ ಸೇರು ಹಿಡಿದವರಲ್ಲ. ನಿಮ್ಮ ಮಗನೂ ಅಲ್ಲ, ಇಂದ್ರಮ್ಮನೂ ಅಲ್ಲ. ಯಾರೋ ಹೊರಗಿನವರು."

ಭಾಗ್ಯಮ್ಮ ತೆಂಗಿನಕಾಯಿ ರಾಶಿಯ ಪಕ್ಕ ಕುಸಿದು ಕೂತಳು. ಅಳು ಅವಳಿಗೆ ಸುಲಭವಾಗಿ ಬರುವುದಲ್ಲ. ಬಂದಾಗ ತಡೆಯಲೂ ಅವಳಿಗೆ ಗೊತ್ತಾಗಲಿಲ್ಲ.

"ನಾನೇ ಕಲ್ಸಿದ್ದು. ನಾನೇ ಮರ್ತ್ಬುಟ್ನಲ್ಲ. ನಿನ್ನೆ ನೀರು ತಂದ್ಲು ಕಣಮ್ಮ, ಇಸ್ಕೊಳ್ಲಿಲ್ಲ ನಾನು. ಲೋಟ ಇಟ್ಕೊಂಡು ಅಂಗೇ ನಿಂತಿದ್ಲು."

ಇಂದ್ರಮ್ಮ ಹೂವು ಬಿಟ್ಟು ಬಂದು ಅವಳ ಬೆನ್ನು ಸವರಿದಳು. ಯಶೋಧಾ ಅವಳೆದುರು ಕುಕ್ಕರಗಾಲಿನಲ್ಲಿ ಕೂತಳು. ಮರುಕಕ್ಕೆ ಆಮೇಲೆ ಸಮಯ ಸಿಗುತ್ತದೆ, ಸಂಜೆ ಕಾಯುವುದಿಲ್ಲ.

"ಇನ್ಯಾರು ಕೇಳಿದ್ರು ಅಮ್ಮ? ನೆನಪು ಮಾಡ್ಕೊಳ್ಳಿ. ಶನಿವಾರ."

ಭಾಗ್ಯಮ್ಮ ಮೂಗು ಒರೆಸಿಕೊಂಡಳು. ಹುಬ್ಬು ಕೂಡಿದವು. "ಸನಿವಾರ ಬೆಳಿಗ್ಗೆ ಒಬ್ಬ ಬಂದಿದ್ದ. ಅಂಗಡಿ ಇನ್ನೂ ಪೂರ್ತಿ ತೆಗ್ದಿರ್ಲಿಲ್ಲ. ಕಾರ್ಡು ಓಗಿರೋದೂ ಆವಾಗ ನಂಗೆ ಗೊತ್ತಿಲ್ಲ. ರೇನ್‌ಕೋಟು, ಮೂಗಿನ ತನಕ ಮಾಸ್ಕು. ಪುರಿ ಕೊಡಿ ಅಜ್ಜಿ ಅಂದ. ನಾನು ಅಳೀವಾಗ, ಲಾಭ ಅಂತೀರಲ್ಲ ಅದೇನು ಅಂತ ಕೇಳ್ದ. ಈಗಿನ ಕಾಲ್ದೋರು ಯಾರ್ ಕೇಳ್ತಾರೆ ಇದನ್ನೆಲ್ಲ, ಪಾಪ ಆಸೆಯಿಂದ ಕೇಳ್ತಾವ್ನೆ ಅಂತ ಬಿಡಿಸಿ ಬಿಡಿಸಿ ಏಳ್ದೆ. ಪುರಿನ ಇಲ್ಲೇ ಬುಟ್ಟು ಓದ."

"ಮುಖ?"

"ಕಂಡ್ರೆ ತಾನೆ ಏಳೋದು."

ಪುರಿ ಕೇಳಿದವನು ಪುರಿ ಬಿಟ್ಟು ಹೋದ. ಅವನಿಗೆ ಬೇಕಾಗಿದ್ದುದು ಒಂದೇ ಒಂದು ಅಂಕಿ. ಇನ್ನೊಂದು ಸಲ ಊಹಿಸಿ ಒತ್ತುವ ಧೈರ್ಯ ಮಾಡಲಿಲ್ಲ; ಮೂರನೆಯ ತಪ್ಪಿಗೆ ಕಾರ್ಡು ಸಾಯುತ್ತದೆಂದು ಅವನಿಗೆ ಗೊತ್ತಿತ್ತು. ಕದ್ದ ಮೇಲೆ ಅದನ್ನು ನಯನಾಳ ಬ್ಯಾಗಿನಲ್ಲಿಡಲು ಕಂಪನಿಯ ಒಳಗೆ ಓಡಾಡುವ ಸಲಿಗೆಯೂ ಇತ್ತು. ಯಶೋಧಾಳ ಮನಸ್ಸು ಕನ್ನಡಕ ಒರೆಸುತ್ತಿದ್ದ ಪವಮಾನನ ಮೇಲೆ ನಿಂತಿತು. ಆದರೆ ತಪ್ಪಿನ ದಾಖಲೆ ಇದೆಯೆಂದು ತಿಳಿದಿದ್ದ ಪವಮಾನ ಅದನ್ನು ಎಲ್ಲರೆದುರು ತಾನೇ ತೆಗೆದು ತೋರಿಸುತ್ತಾನೆಯೇ?

"ಅದೆಲ್ಲ ಆಮೇಲೆ," ಭಾಗ್ಯಮ್ಮ ಅವಳ ತೋಳು ಹಿಡಿದು ಎದ್ದಳು. "ಮೊದ್ಲು ನನ್ನ ಸೊಸೆಗೆ ಫೋನ್ ಮಾಡಿ. ನಾನ್ ಮಾತಾಡ್ಬೇಕು."

ಯಶೋಧಾ ನಯನಾಳ ನಂಬರಿಗೆ ಕರೆ ಮಾಡಿ, ಮುದುಕಿಗೂ ಕೇಳಲೆಂದು ಸ್ಪೀಕರ್ ಹಾಕಿದಳು. ಬಹಳ ಹೊತ್ತು ಬಡಿದುಕೊಂಡಿತು. ಭಾಗ್ಯಮ್ಮ ಅಭ್ಯಾಸಬಲದಿಂದ ಸೇರನ್ನು ಕೈಗೆತ್ತಿಕೊಂಡು ಎದೆಗೆ ಒತ್ತಿ ಹಿಡಿದಿದ್ದಳು. ಅದರ ತುಂಬ ಪುರಿ ಇತ್ತು. ಕೊನೆಗೆ ಯಾರೋ ಫೋನ್ ಎತ್ತಿದರು.

"ಯಶೋಧಾ ಮೇಡಂ ತಾನೆ?" ಕುಮಾರಸ್ವಾಮಿಯ ದನಿ. "ನಯನಾ ಫೋನು ನನ್ನ ಮೇಜಿನ ಮೇಲಿದೆ. ಅವಳು ಇಲ್ಲೇ ಇದಾಳೆ, ಪೆನ್ನು ಕೈಗೆ ತಗೊಂಡಿದಾಳೆ. ತಪ್ಪು ಒಪ್ಕೊಂಡ್ರೆ ಮನಸ್ಸಿಗೂ ಹಗುರ, ಏನಂತೀರಿ?"

ಭಾಗ್ಯಮ್ಮನ ಕೈಯಿಂದ ಸೇರು ಜಾರಿತು. ಪುರಿ ಒದ್ದೆ ನೆಲದ ಮೇಲೆಲ್ಲ ಚೆಲ್ಲಿಹೋಯಿತು.

"ಇವ್ನೇ!" ಎಂದು ಕೂಗಿಬಿಟ್ಟಳು. "ಇದೇ ದನಿ ಕಣಮ್ಮ! ಒಂದಕ್ಕೆ ಲಾಭ ಅನ್ನೋದು ಭಾಳ ಚೆನ್ನಾಗದೆ ಅಜ್ಜಿ, ಏನಂತೀರಿ ಅಂದ್ನಲ್ಲ, ಅದು ಇವ್ನೇ!"

ಯಶೋಧಾ ಫೋನಿನ ಬಾಯಿಗೆ ಕೈ ಅಡ್ಡ ಹಿಡಿದಳು. ತಡವಾಗಿತ್ತು. ಮುದುಕಿ ಯಾವತ್ತು ಮೆಲ್ಲಗೆ ಮಾತಾಡಿದ್ದಾಳೆ?

ವರ್ಷಗಳಿಂದ ಬೆಟ್ಟ ಹತ್ತಿಲ್ಲ ಎಂದಿದ್ದ ಮನುಷ್ಯ. ತಾನೇ ಮಾಡಿಸಿದ ಬೀಗವನ್ನು ತಾನೇ ಯಾಕೆ ಒಡೆದ? ಯೋಚಿಸಲು ಹೊತ್ತಿರಲಿಲ್ಲ. ಆ ಕಡೆ ಫೋನ್ ಕಟ್ ಆಗಿರಲಿಲ್ಲ. ಉಸಿರಾಟ ಮಾತ್ರ ಕೇಳುತ್ತಿತ್ತು.

ಆಮೇಲೆ ಅದೇ ದನಿ, ಈ ಸಲ ಬಾಲವಿಲ್ಲದೆ: "ಪವಮಾನ, ಬಾಗಿಲು ಹಾಕು."

ಚಿಲಕ ಬಿದ್ದ ಸದ್ದು. ಅದರ ಹಿಂದೆಯೇ, ದೂರದಿಂದ ನಯನಾ: "ಅದು ಅತ್ತೆ ದನಿ ಅಲ್ವಾ? ಅತ್ತೆ? ಏನಂದ್ರು ಅತ್ತೆ?"

ಭಾಗ್ಯಮ್ಮ ಯಶೋಧಾಳ ಕೈಯಿಂದ ಫೋನನ್ನು ಕಿತ್ತುಕೊಂಡಳು.

"ನಯನಾ! ಸಹಿ ಆಕ್ಬೇಡ ಕಣವ್ವಾ! ನೀನಲ್ಲ! ನೀನಲ್ಲ ಅಂತ ನಂಗೆ ಗೊತ್ತಾಯ್ತು ಕಣವ್ವಾ!"

ಸಾಲಿನಲ್ಲಿದ್ದ ಭಕ್ತರೆಲ್ಲ ತಿರುಗಿ ನೋಡಿದರು. ಬೆಟ್ಟಕ್ಕೆಲ್ಲ ಕೇಳಿಸಿದ ಆ ಮಾತು ಹೆಬ್ಬಾಳಕ್ಕೆ ಮಾತ್ರ ಮುಟ್ಟಲಿಲ್ಲ. ಫೋನ್ ಆಗಲೇ ಸತ್ತಿತ್ತು.